ಕಣ್ಣಿಗೆ ಕಿಂಡಿಯೋ, ಕಿಸೆಗೆ ಕ್ಯಾಮೆರಾವೋ

ಸಣ್ಣ ಕ್ಯಾಮೆರಾವೊಂದನ್ನು ಕೊಳ್ಳಬೇಕೆಂದು ಹೊರಟವನ ಮುಂದೆ ಇಂದು ಬಂದು ನಿಲ್ಲುವ ಪ್ರಶ್ನೆಗಳು ಹಲವಾದರೂ, ಅವುಗಳಲ್ಲಿ ಬಹುಪಾಲು, ವಿಚಾರಿಸಿ ನೋಡಿದರೆ, ಹಣಕ್ಕೆ ಸಂಬಂಧಿಸಿದುವು ಅಥವಾ ಅಂಕಿಗಳಿಗೆ ಸಂಬಂಧಿಸಿದುವು. ಅಂಗಡಿಯ ಬೆಲೆಪಟ್ಟಿಯನ್ನೂ ತಯಾರಕರ ವಿವರಣಪತ್ರವನ್ನೂ ಎದುರಿಗಿಟ್ಟುಕೊಂಡು ಕುಳಿತರೆ ಅರ್ಧ ಗಂಟೆಯೊಳಗೆ ಇತ್ಯರ್ಥವಾಗತಕ್ಕವು. ಹಾಗೆ ಇತ್ಯರ್ಥವಾಗದೆ ಉಳಿದುಬಿಡುವ ಪ್ರಶ್ನೆ ಒಂದುಂಟು. ಕಣ್ಣಿಗೆ ಹಚ್ಚಿ ನೋಡಲು ವ್ಯೂಫೈಂಡರ್ ಉಳ್ಳದ್ದಾಗಿ, ಅದರ ದೆಸೆಯಿಂದಲೇ ಒಂದಿಷ್ಟು ದಪ್ಪವಾಗಿ, ಹೆಗಲಿಗೆ ತೂಗಹಾಕಿಕೊಂಡು ತಿರುಗಬೇಕಾದ ಕ್ಯಾಮೆರಾ ಲೇಸೋ, ಇಲ್ಲವೆ ವ್ಯೂಫೈಂಡರನ್ನು ತೊರೆದು ಕಿಸೆಯೊಳಗೆ ಅಡಗುವಷ್ಟು ಕೃಶವಾದ ಕ್ಯಾಮೆರಾ ಲೇಸೋ ಎಂಬುದೇ ಆ ಪ್ರಶ್ನೆ. ಅವರವರ ಅಭಿರುಚಿ ಎಂದು ಹೇಳಿ ಇದರಿಂದ ಕೈತೊಳೆದುಕೊಳ್ಳುವವರೇ ಹೆಚ್ಚು. ನನಗೆ ಹಾಗೆ ತೋರುವುದಿಲ್ಲ. ಎರಡರೊಳಗೊಂದನ್ನು ಆರಿಸುವುದಕ್ಕೆ ಸಾಕಾದಷ್ಟು ಕಾರಣಗಳು ಇಂದು ನಮ್ಮೆದುರಿಗಿವೆ. ಅವು ವ್ಯೂಫೈಂಡರಿನ ಕಡೆಗೇ ವಾಲುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಾತು ಗಾಳಿಗೆ ಹೋಗದಿರಲೆಂದು ಎರಡು ಕ್ಯಾಮೆರಾಗಳನ್ನು ಮುಂದಿಟ್ಟುಕೊಳ್ಳೋಣ. ರಿಕೋ ಸಂಸ್ಥೆ 2019ರಲ್ಲಿ ಹೊರತಂದ ಜಿಆರ್ 3 ಎಂಬ ಕ್ಯಾಮೆರಾ 109 ಮಿಲಿಮೀಟರ್ ಅಗಲ, 62 ಮಿಲಿಮೀಟರ್ ಎತ್ತರ, 33 ಮಿಲಿಮೀಟರ್ ದಪ್ಪ; ಬ್ಯಾಟರಿಯೂ ಕಾರ್ಡೂ ಸೇರಿ ಅದರ ತೂಕ 257 ಗ್ರಾಂ. ಫ್ಯೂಜಿಫಿಲ್ಮ್ 2024ರಲ್ಲಿ ಮಾರುಕಟ್ಟೆಗೆ ಬಿಟ್ಟ ಎಕ್ಸ್100 ಮಾಲಿಕೆಯ ಆರನೆಯ ಕ್ಯಾಮೆರಾ 128 ಮಿಲಿಮೀಟರ್ ಅಗಲ, 75 ಎತ್ತರ, 55 ದಪ್ಪವಾಗಿದ್ದು, 521 ಗ್ರಾಂ, ಎಂದರೆ ಮೊದಲನೆಯದರ ಎರಡರಷ್ಟು, ತೂಗುತ್ತದೆ. ಎರಡರ ಒಳಗೂ ಬೆಳಕನ್ನು ಹಿಡಿಯುವ ಸೆನ್ಸರ್ ಹೆಚ್ಚುಕಡಿಮೆ ಒಂದೇ ಅಳತೆಯದು. ಎರಡಕ್ಕೂ ಬದಲಿಸಲಾಗದ, ಹಿಗ್ಗಿ ಕುಗ್ಗದ ಒಂದೇ ಒಂದು ಲೆನ್ಸು. ಒಂದಕ್ಕೆ ಕಣ್ಣಿಟ್ಟು ನೋಡುವ ಕಿಂಡಿಯಿದೆ, ಇನ್ನೊಂದಕ್ಕೆ ಬೆನ್ನಿನ ಮೇಲಿನ ಪರದೆಯ ಹೊರತು ಬೇರೆ ಗತಿಯಿಲ್ಲ. ನಾವು ಚರ್ಚಿಸಹೊರಟಿರುವ ಭೇದವನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಜೋಡಿ ಬೇರೊಂದು ಸಿಕ್ಕುವುದು ಕಷ್ಟ.

ಹಗುರವಾದ ಕ್ಯಾಮೆರಾ ಬೇಕೆಂಬ ಹಂಬಲವನ್ನು ಬರಿಯ ಷೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಜರ್ಮನಿಯ ವೆಟ್ಜ್‌ಲಾರ್ ಎಂಬ ಊರಿನ ಲೈಟ್ಜ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಆಸ್ಕರ್ ಬಾರ್ನಾಕ್ ಉಬ್ಬಸದಿಂದ ನರಳುತ್ತಿದ್ದವನು. ಕಾಡುಮೇಡುಗಳಲ್ಲಿ ಅಲೆದು ಚಿತ್ರ ತೆಗೆಯುವ ಆಸೆಯಿದ್ದರೂ, 13×18 ಸೆಂಟಿಮೀಟರಿನ ಗಾಜಿನ ಫಲಕಗಳನ್ನು ತುಂಬಿದ ಅಂದಿನ ಕ್ಯಾಮೆರಾವನ್ನು ಹೊತ್ತು ಏರು ಹತ್ತುವ ಶಕ್ತಿ ಆತನ ಶ್ವಾಸಕೋಶಗಳಿಗಿರಲಿಲ್ಲ. ಆ ಸಂಕಟದೊಳಗಿಂದ ಹುಟ್ಟಿದ್ದು, ಚಲನಚಿತ್ರದ 35 ಮಿಲಿಮೀಟರ್ ಫಿಲ್ಮನ್ನು ಅಡ್ಡಲಾಗಿ ಹಾಯಿಸಿ 24×36 ಮಿಲಿಮೀಟರಿನ ಪುಟ್ಟ ಪ್ರತಿಯನ್ನು ಪಡೆಯುವ ಉಪಾಯ. 1914ರ ವೇಳೆಗೆ ಮಾದರಿ ಸಿದ್ಧವಾಗಿದ್ದರೂ ಮಹಾಯುದ್ಧ ಅಡ್ಡ ಬಂದು, 1925ರಲ್ಲಿ ಲೈಪ್‌ಜಿಗ್ ನಗರದ ವಸಂತಮೇಳದಲ್ಲಿ ಲೈಕಾ ಎಂಬ ಹೆಸರಿನಿಂದ ಅದು ಲೋಕದ ಕಣ್ಣಿಗೆ ಬಿತ್ತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ: ತೂಕವನ್ನು ಇಳಿಸುವ ಏಕೈಕ ಉದ್ದೇಶದಿಂದ ಕೆಲಸಕ್ಕೆ ತೊಡಗಿದವರು ಕೂಡ, ಕೋಟಿನ ಜೇಬಿಗೆ ಇಳಿಯುವ ಆ ಕ್ಯಾಮೆರಾದ ನೆತ್ತಿಯ ಮೇಲೆ ಕಣ್ಣಿಗಾಗಿ ಒಂದು ಕಿಂಡಿಯನ್ನು ಇಡುವುದಕ್ಕೆ ಮರೆಯಲಿಲ್ಲ. 1948ರ ಜನವರಿಯಲ್ಲಿ, ಗಾಂಧೀಜಿಯವರ ಬಾಳಿನ ಕೊನೆಯ ದಿನಗಳಲ್ಲಿಯೂ ಅನಂತರದ ಶವಯಾತ್ರೆಯ ಜನಸಾಗರದಲ್ಲಿಯೂ ದೆಹಲಿಯಲ್ಲಿ ಚಿತ್ರಗಳನ್ನು ತೆಗೆದ ಹೆನ್ರಿ ಕಾರ್ತಿಯೇ-ಬ್ರೆಸೋನ್ ಅವರ ಕೈಯಲ್ಲಿದ್ದುದು ಇದೇ ವಂಶದ ಕ್ಯಾಮೆರಾ. ಕೈಯೊಳಗೆ ಅಡಗುವ ಗಾತ್ರವೂ ಕಣ್ಣಿಗೆ ಒಪ್ಪುವ ಕಿಂಡಿಯೂ ಹಲವು ದಶಕಗಳ ಕಾಲ ಒಂದೇ ಮನೆಯಲ್ಲಿ ಸುಖವಾಗಿ ಸಂಸಾರ ಮಾಡಿಕೊಂಡಿದ್ದುವು.

ಅವೆರಡು ಬೇರೆಯಾದದ್ದು ಡಿಜಿಟಲ್ ಯುಗದಲ್ಲಿ. ಕ್ಯಾಸಿಯೋ ಸಂಸ್ಥೆ 1995ರಲ್ಲಿ ಹೊರಡಿಸಿದ ಕ್ಯೂವಿ-10 ಎಂಬ ಕ್ಯಾಮೆರಾದ ಬೆನ್ನಿನ ಮೇಲೆ 1.8 ಅಂಗುಲದ ಬಣ್ಣದ ಪರದೆಯಿತ್ತು. ತೆಗೆಯಲಿರುವ ಚಿತ್ರವನ್ನೂ ತೆಗೆದ ಚಿತ್ರವನ್ನೂ ಅಲ್ಲಿಯೇ ನೋಡಬಹುದೆಂಬುದು ಜನಕ್ಕೆ ಅದ್ಭುತವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಮುಂದಿನ ಹತ್ತು ವರ್ಷಗಳು ಪರದೆಯೂ ಕಿಂಡಿಯೂ ಜತೆಜತೆಯಾಗಿ ನಡೆದುವು. ಆದರೆ ಆ ಕಾಲದ ಕಿಂಡಿಗಳನ್ನು ಹೊಗಳುವ ಹಾಗಿಲ್ಲ. ಹೆಸರುಕಾಳಿನಷ್ಟು ಕಿರಿದಾದ ತೂತು. ಅದರಲ್ಲಿ ಕಾಣುತ್ತಿದ್ದುದು ನಿಜವಾದ ಚಿತ್ರದ ಐದರಲ್ಲಿ ನಾಲ್ಕು ಪಾಲು ಮಾತ್ರ. ಪರದೆ ದೊಡ್ಡದಾದಂತೆಲ್ಲ, ಯಾರೂ ಬಳಸದ ಆ ತೂತಿಗೆ ಜಾಗ ಕೊಡುವುದೇಕೆಂದು ತಯಾರಕರು ಅದನ್ನು ಮುಚ್ಚಿಬಿಟ್ಟರು. ಜನ ಒಲ್ಲೆನೆಂದದ್ದು ಕೆಟ್ಟ ವ್ಯೂಫೈಂಡರನ್ನು; ಕಳೆದುಕೊಂಡದ್ದು ವ್ಯೂಫೈಂಡರನ್ನೇ.

ಏನು ಕಳೆಯಿತು ಎಂಬುದನ್ನು ತಿಳಿಯಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು. ಹಳೆಯ ಕಾಲದ ಸ್ಟುಡಿಯೋಗಳಲ್ಲಿ ಕುಟುಂಬದ ಪಟ ತೆಗೆಸಿಕೊಂಡ ಹಿರಿಯರಿಗೆ ನೆನಪಿರಬಹುದು: ಮುಕ್ಕಾಲಿಯ ಮೇಲೆ ನಿಂತ ಮರದ ಪೆಟ್ಟಿಗೆಯ ಹಿಂದೆ ಛಾಯಾಗ್ರಾಹಕನು ಕರಿಯ ಬಟ್ಟೆಯನ್ನು ತಲೆಯ ಮೇಲೆ ಮುಸುಕೆಳೆದುಕೊಂಡು, ಮಸುಕುಗಾಜಿನ ಮೇಲೆ ತಲೆಕೆಳಗಾಗಿ ಬಿದ್ದ ಬಿಂಬವನ್ನು ನೋಡುತ್ತ ಬಹಳ ಹೊತ್ತು ಒಳಗೇ ಇದ್ದುಬಿಡುತ್ತಿದ್ದನು. ಆ ಬಟ್ಟೆಯ ಪ್ರಯೋಜನ ಬೆಳಕನ್ನು ತಡೆಯುವುದು ಮಾತ್ರವಾಗಿರಲಿಲ್ಲ. ಚಿತ್ರದ ಸುತ್ತಲಿನ ಸಮಸ್ತ ಪ್ರಪಂಚವನ್ನೂ, ತಟ್ಟೆಯಲ್ಲಿ ಕಾಫಿ ತಂದು ನಿಂತ ಹುಡುಗನನ್ನೂ ಗೋಡೆಯ ಮೇಲಿನ ಕ್ಯಾಲೆಂಡರನ್ನೂ, ಅದು ಒಂದೇ ಸಲಕ್ಕೆ ಅಳಿಸಿಹಾಕುತ್ತಿತ್ತು. ಉಳಿಯುತ್ತಿದ್ದುದು ಚತುಷ್ಕೋಣವೊಂದು, ಅದರೊಳಗೆ ಬೆಳಕು ಮತ್ತು ಆಕಾರ. ವ್ಯೂಫೈಂಡರ್ ಎಂಬುದು ಆ ಕರಿಯ ಬಟ್ಟೆಯ ನೇರ ವಾರಸುದಾರ. ಅದಕ್ಕೆ ಕಣ್ಣಿಟ್ಟ ಕ್ಷಣ ಚಿತ್ರದ ಅಂಚುಗಳು ಸ್ಪಷ್ಟವಾಗುತ್ತವೆ. ಮೂಲೆಯಲ್ಲಿ ಇಣುಕುವ ವಿದ್ಯುತ್ ಕಂಬವೂ, ತಲೆಯ ಹಿಂದಿನಿಂದ ಕೊಂಬಿನಂತೆ ಮೊಳೆತ ಮರದ ಕೊಂಬೆಯೂ ಕಣ್ಣಿಗೆ ಬೀಳುತ್ತವೆ. ಪರದೆಯಲ್ಲಾದರೋ ಚಿತ್ರವು ಸುತ್ತಲಿನ ಹತ್ತು ವಸ್ತುಗಳ ನಡುವೆ ಹನ್ನೊಂದನೆಯದಾಗಿ, ಕೈಯ ಬೆರಳುಗಳಿಗೂ ಅಂಗಿಯ ತೋಳಿಗೂ ಮಧ್ಯೆ ಎಲ್ಲಿಯೋ ತೇಲುತ್ತಿರುತ್ತದೆ. ಅದನ್ನು ನೋಡಿ ಇದು ಯಾವುದರ ಚಿತ್ರವೆಂದು ಹೇಳಬಹುದು. ಚಿತ್ರ ಹೇಗೆ ಕೂಡಿಬಂದಿದೆಯೆಂದು ಹೇಳುವುದು ದುಸ್ತರ.

ಇದು ಮನಸ್ಸಿನ ಮಾತಾಯಿತು. ದೇಹಕ್ಕೆ ಸಂಬಂಧಿಸಿದ ಮಾತುಗಳೂ ಇವೆ, ಅವುಗಳಲ್ಲಿ ಮೊದಲನೆಯದು ಬಿಸಿಲು. ಯುಗಾದಿಯ ಆಸುಪಾಸಿನಲ್ಲಿ ನಂಜನಗೂಡಿನ ದೊಡ್ಡ ಜಾತ್ರೆಗೆ ಹೋದವರು ಐದು ರಥಗಳು ಒಂದರ ಹಿಂದೊಂದು ಬೀದಿಗಿಳಿಯುವುದನ್ನು ಕಂಡಿರುತ್ತಾರೆ. ಹೊತ್ತೇರಿದ ಮೇಲೆ ಶ್ರೀಕಂಠೇಶ್ವರನ ದೊಡ್ಡ ತೇರು ತಿರುವಿನಲ್ಲಿ ಬಂದು ನಿಂತಾಗ, ಹಗ್ಗ ಹಿಡಿದವರ ಬೆನ್ನುಗಳ ಮೇಲೆ ಬೆವರು ಹೊಳೆಯುತ್ತಿರುವಾಗ, ಚಕ್ರದ ಬುಡದಲ್ಲಿ ಬಾಗಿ ಮರದ ದಿಮ್ಮಿಯನ್ನು ಒಡ್ಡುವ ಮನುಷ್ಯನ ಮುಖದಲ್ಲಿ ಆ ನಿಮಿಷದ ಇಡೀ ಜಾತ್ರೆ ಕಾಣುತ್ತದೆ. ಆಗ ಪರದೆಯ ಕ್ಯಾಮೆರಾವನ್ನು ಎತ್ತಿ ಹಿಡಿದರೆ ಅದರಲ್ಲಿ ಕಾಣುವುದು ಬಿಳಿಚಿದ ಆಕಾಶ ಮತ್ತು ಹಿಡಿದವನ ಸ್ವಂತ ಮುಖದ ನೆರಳು. ಬೆಳಕನ್ನು ಹೆಚ್ಚಿಸುವ ಗುಂಡಿಯನ್ನು ಹುಡುಕಿ ಒತ್ತುವಷ್ಟರಲ್ಲಿ ದಿಮ್ಮಿ ಸರಿದು ರಥ ಮುಂದಕ್ಕೆ ಹೋಗಿರುತ್ತದೆ. ಜಪಾನಿನ ಮೋಡದ ದಿನಗಳಲ್ಲಿಯೋ ಯೂರೋಪಿನ ಓರೆ ಬಿಸಿಲಿನಲ್ಲಿಯೋ ನಡೆದುಹೋಗಬಹುದಾದ ಏರ್ಪಾಡು ನಮ್ಮ ಚೈತ್ರದ ಹಗಲಿನಲ್ಲಿ ನಡೆಯುವುದಿಲ್ಲ. ವರ್ಷದ ಆರೇಳು ತಿಂಗಳು ಹೀಗೆ ಬಿಸಿಲು ಕಾಯುವ ನಾಡಿನವರು, ತಂಪು ನಾಡಿನ ವಿಮರ್ಶಕರು ಈ ವಿಷಯದಲ್ಲಿ ಕೊಡುವ ತೀರ್ಪನ್ನು ಹಾಗೆಯೇ ಒಪ್ಪಿಕೊಳ್ಳಬೇಕಾದ ಕಾರಣವಿಲ್ಲ.

ಎರಡನೆಯದು ವಯಸ್ಸು. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ತನ್ನ ಮೆತುವನ್ನು ಕಳೆದುಕೊಳ್ಳುತ್ತ ಹೋಗಿ, ಹತ್ತಿರದ ಅಕ್ಷರಗಳು ಮಸುಕಾಗುತ್ತವೆ; ಚಾಳೀಸು ಬರುತ್ತದೆ. ಅಂಥವನು ಪರದೆಯ ಕ್ಯಾಮೆರಾವನ್ನು ಹಿಡಿದು ಬೀದಿಗಿಳಿದರೆ, ದೂರದ ದೃಶ್ಯಕ್ಕೆ ಕನ್ನಡಕ ತೆಗೆಯಬೇಕು, ಒಂದಡಿ ದೂರದ ಪರದೆಗೆ ಮತ್ತೆ ಹಾಕಿಕೊಳ್ಳಬೇಕು. ಕ್ಯಾಮೆರಾಗಳಿಗೆ ಸುರಿಯುವಷ್ಟು ಹಣ ಕೈಗೆ ಬರುವ ವಯಸ್ಸೂ ಬಹುಮಂದಿಗೆ ಇದೇ ಆಗಿರುವುದರಿಂದ ಈ ತೊಡಕು ಸಣ್ಣದೆನ್ನುವಂತಿಲ್ಲ. ವ್ಯೂಫೈಂಡರಿನ ಪಕ್ಕದಲ್ಲಿ ಕಣ್ಣಿನ ನಂಬರಿಗೆ ಹೊಂದಿಸುವ ಪುಟ್ಟ ತಿರುಗಣೆಯೊಂದಿರುತ್ತದೆ. ಅದನ್ನು ಒಮ್ಮೆ ತಿರುಗಿಸಿಟ್ಟರೆ ಚಿತ್ರವೂ ಅದರ ಬದಿಯ ಅಂಕಿಗಳೂ ಹರೆಯದವನಿಗೆ ಕಾಣುವಷ್ಟೇ ನಿಚ್ಚಳವಾಗಿ ಕಾಣುತ್ತವೆ. ಇನ್ನು ಸ್ಥೈರ್ಯದ ವಿಷಯ: ಎರಡು ಕೈಗಳೂ ಹಣೆಯೂ ಸೇರಿ ಹಿಡಿದ ಕ್ಯಾಮೆರಾ, ತೋಳು ಚಾಚಿ ಹಿಡಿದ ಕ್ಯಾಮೆರಾಕ್ಕಿಂತ ಕಡಿಮೆ ನಡುಗುತ್ತದೆ. ಈಗಿನ ಕ್ಯಾಮೆರಾಗಳು ಒಳಗಿನಿಂದಲೇ ನಡುಕವನ್ನು ತಿದ್ದಿಕೊಳ್ಳುವುದರಿಂದ ಈ ವಾದಕ್ಕೆ ಮೊದಲಿನ ಬಲವಿಲ್ಲ. ಆದಕಾರಣ ಅದನ್ನು ಎಳೆಯಲಾರೆ.

ಎಕ್ಸ್100 ಕ್ಯಾಮೆರಾದ ವ್ಯೂಫೈಂಡರಿನ ವಿಶೇಷವನ್ನು ಮಾತ್ರ ಸ್ವಲ್ಪ ನಿಂತು ಹೇಳಬೇಕು. 2010ರಲ್ಲಿ ಮೊದಲು ಪ್ರಕಟವಾದಂದಿನಿಂದಲೂ ಈ ಮಾಲಿಕೆಯ ಕಿಂಡಿ ಎರಡು ಬಗೆಯಾಗಿ ಕೆಲಸ ಮಾಡುತ್ತದೆ. ಮುಂಭಾಗದ ಸಣ್ಣ ಸನ್ನೆಯನ್ನು ಎಳೆದರೆ ಒಳಗೆ ಎಲೆಕ್ಟ್ರಾನಿಕ್ ಪರದೆ ಬರುತ್ತದೆ, ಲೆನ್ಸು ಕಂಡದ್ದನ್ನೇ ಅದು ತೋರಿಸುತ್ತದೆ. ಮತ್ತೆ ಎಳೆದರೆ ಪರದೆ ಸರಿದು ಬರಿಯ ಗಾಜಿನ ಮೂಲಕ ನಿಜವಾದ ಪ್ರಪಂಚ ಕಾಣುತ್ತದೆ, ಅದರ ಮೇಲೆ ಬೆಳಕಿನ ಗೆರೆಗಳಿಂದ ಚಿತ್ರದ ಚೌಕಟ್ಟು ಮೂಡುತ್ತದೆ. ಈ ಎರಡನೆಯ ಕ್ರಮದಲ್ಲಿ ಚೌಕಟ್ಟಿನ ಹೊರಗಿನದೂ ಕಾಣುವುದೇ ಅದರ ಹೆಚ್ಚಳ. ನಂಜನಗೂಡಿನ ಆ ತಿರುವಿನಲ್ಲಿ ನಿಂತವನಿಗೆ, ಬಾಳೆಹಣ್ಣು ಎಸೆಯಲು ಕೈಯೆತ್ತಿದ ಹುಡುಗಿ ಎಡಗಡೆಯಿಂದ ಚೌಕಟ್ಟಿನೊಳಕ್ಕೆ ಕಾಲಿಡುವ ಮುನ್ನವೇ ಆಕೆ ಬರುತ್ತಿರುವುದು ತಿಳಿಯುತ್ತದೆ, ಬೆರಳು ಸಿದ್ಧವಾಗುತ್ತದೆ. ಬರಲಿರುವುದನ್ನು ಹೀಗೆ ಮುಂಚಿತವಾಗಿ ಸೂಚಿಸುವ ಸಾಮರ್ಥ್ಯ ಯಾವ ಪರದೆಗೂ ಇಲ್ಲ, ಅದು ಎಷ್ಟೇ ದೊಡ್ಡದಾಗಿರಲಿ. ಗಾಜಿನ ಕಿಂಡಿಗೆ ಲೋಪವಿಲ್ಲದಿಲ್ಲ: ಲೆನ್ಸಿಗೂ ಕಿಂಡಿಗೂ ಎರಡು ಬೆರಳಿನ ಅಂತರವಿರುವುದರಿಂದ ತೀರ ಹತ್ತಿರದ ವಸ್ತುವಿನಲ್ಲಿ ಎರಡರ ನೋಟ ಹೊಂದುವುದಿಲ್ಲ, ಲೆನ್ಸಿನ ಕೊಳವೆ ದೃಶ್ಯದ ಒಂದು ಮೂಲೆಯನ್ನು ಮರೆಮಾಡುವುದೂ ಉಂಟು. ಅಂಥಲ್ಲಿ ಸನ್ನೆಯನ್ನು ಎಳೆದರಾಯಿತು.

ಇವೆಲ್ಲಕ್ಕಿಂತ ಮಿಗಿಲಾಗಿ ನನ್ನನ್ನು ವ್ಯೂಫೈಂಡರಿನ ಪಕ್ಷಕ್ಕೆ ಒಯ್ಯುವ ಕಾರಣ ಮತ್ತೊಂದಿದೆ. ಕ್ಯಾಮೆರಾವನ್ನು ಕಣ್ಣಿಗೆ ಏರಿಸುವುದು ಎದುರಿಗಿರುವವರಿಗೆ ತಿಳಿಯುವ ಕ್ರಿಯೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಯ ಮಾರನ್ನು ಅಳೆಯುತ್ತ ಕುಳಿತ ಮುದುಕಿಯ ಮುಂದೆ ನಿಂತು ಕ್ಯಾಮೆರಾವನ್ನು ಮುಖಕ್ಕೆ ತಂದರೆ, ಆಕೆಗೆ ನಿಮ್ಮ ಇಂಗಿತ ಅರ್ಥವಾಗುತ್ತದೆ. ಒಂದೋ ಸೆರಗನ್ನು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾಳೆ, ಇಲ್ಲವೆ “ಬೇಡ ಕಣಪ್ಪ, ವ್ಯಾಪಾರದ ಹೊತ್ತು” ಎಂದು ಕೈಯಾಡಿಸುತ್ತಾಳೆ. ಎರಡೂ ಆಕೆಯ ಹಕ್ಕು. ಮುಷ್ಟಿಯಲ್ಲಿ ಅಡಗಿದ ಕ್ಯಾಮೆರಾವನ್ನು ಸೊಂಟದ ಮಟ್ಟದಲ್ಲಿ ಹಿಡಿದು, ಬೇರೆಲ್ಲಿಯೋ ನೋಡುತ್ತಿರುವಂತೆ ನಟಿಸಿ ಗುಂಡಿಯೊತ್ತುವವನು ಆ ಹಕ್ಕನ್ನು ಕಸಿದುಕೊಂಡೇ ಚಿತ್ರ ತೆಗೆಯುತ್ತಾನೆ. ಸಣ್ಣ ಕ್ಯಾಮೆರಾದ ಗುಣವೆಂದು ಕೊಂಡಾಡುವ ‘ಯಾರಿಗೂ ಗೊತ್ತಾಗುವುದಿಲ್ಲ’ ಎಂಬ ಮಾತು, ಚಿತ್ರಕ್ಕೆ ಒಳಗಾಗುವವರ ದೃಷ್ಟಿಯಿಂದ ಹೇಳಿದ ಮಾತಲ್ಲ. ವ್ಯೂಫೈಂಡರಿದ್ದವರೆಲ್ಲ ಸಭ್ಯರೆಂದು ನಾನು ಹೇಳುತ್ತಿಲ್ಲ. ತನ್ನನ್ನು ತಾನು ತೋರಿಸಿಕೊಳ್ಳದೆ ಅದನ್ನು ಬಳಸುವುದು ಕಷ್ಟವೆಂದಷ್ಟೇ ಹೇಳುತ್ತಿದ್ದೇನೆ, ಆ ಕಷ್ಟ ಇರತಕ್ಕದ್ದೆಂದು ನಂಬುತ್ತೇನೆ.

ಎದುರು ಪಕ್ಷದವರ ಕೈಯಲ್ಲಿಯೂ ಬಲವಾದ ಸಾಕ್ಷಿಯಿದೆ. ಜಪಾನಿನ ದಾಯಿದೋ ಮೊರಿಯಾಮ ಟೋಕಿಯೋ ನಗರದ ಬೀದಿಗಳಲ್ಲಿ ವರ್ಷಾನುಗಟ್ಟಲೆ ರಿಕೋ ಜಿಆರ್ ವಂಶದ ಸಣ್ಣ ಕ್ಯಾಮೆರಾಗಳನ್ನು ಹಿಡಿದು, ಎಷ್ಟೋ ವೇಳೆ ಕಿಂಡಿಯ ಹಂಗಿಲ್ಲದೆಯೇ, ಕರಿಯ ಬಿಳಿಯ ಒರಟು ಚಿತ್ರಗಳನ್ನು ತೆಗೆದು ಜಗತ್ಪ್ರಸಿದ್ಧರಾದವರು. ಅವರ ಚಿತ್ರಗಳ ಶಕ್ತಿ ನಿರಾಕರಿಸುವಂಥದ್ದಲ್ಲ. ಆದರೆ ಚೌಕಟ್ಟನ್ನು ಕೆಡವುವುದೇ ಅವರ ಕಲೆಯ ಪ್ರತಿಜ್ಞೆ. ಆ ಪ್ರತಿಜ್ಞೆಯಿಲ್ಲದವರಿಗೆ ಅವರ ಸಲಕರಣೆ ಮಾತ್ರ ಬಂದರೆ ಉಪಯೋಗವಿಲ್ಲ. ಜನಜಂಗುಳಿಯಲ್ಲಿ ತಲೆಗಳ ಮೇಲಿಂದ ಕೈಯೆತ್ತಿ ತೆಗೆಯುವಾಗ ಕಿಂಡಿ ನಿಷ್ಪ್ರಯೋಜಕವೆಂಬುದೂ, ನೆಲದ ಮೇಲೆ ಆಡುವ ಕೂಸಿನ ಮುಖಕ್ಕೆ ಮುಖ ಕೊಟ್ಟು ನಗುತ್ತ ಚಿತ್ರ ತೆಗೆಯಲು ಪರದೆಯೇ ಅನುಕೂಲವೆಂಬುದೂ ಸತ್ಯ. ವ್ಯೂಫೈಂಡರ್ ಉಳ್ಳ ಕ್ಯಾಮೆರಾಕ್ಕೆ ಪರದೆಯೂ ಇರುವುದರಿಂದ ಅದರ ಒಡೆಯನಿಗೆ ಇದರಿಂದ ನಷ್ಟವೇನೂ ಇಲ್ಲ.

‘ಜತೆಯಲ್ಲಿಲ್ಲದ ಕ್ಯಾಮೆರಾದಿಂದ ಚಿತ್ರ ಬಾರದು’ ಎಂಬ ವಾದ ಉಳಿಯಿತು. ಕಿಸೆಯ ಪಕ್ಷದವರ ಬ್ರಹ್ಮಾಸ್ತ್ರವಿದು, ಒಂದು ಕಾಲಕ್ಕೆ ಇದಕ್ಕೆ ಪ್ರತ್ಯುತ್ತರವೇ ಇರಲಿಲ್ಲ. ಆದರೆ ಈಗ ಪ್ರತಿಯೊಬ್ಬನ ಕಿಸೆಯಲ್ಲಿಯೂ ಒಂದು ಕ್ಯಾಮೆರಾ ಆಗಲೇ ಬಂದು ಕುಳಿತಿದೆ. ಅದಕ್ಕೆ ಫೋನೆಂದು ಹೆಸರು. 2010ರಲ್ಲಿ ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ ಲೆನ್ಸು ಬದಲಿಸಲಾಗದ ಡಿಜಿಟಲ್ ಕ್ಯಾಮೆರಾಗಳು ಹತ್ತು ಕೋಟಿಗೂ ಮಿಗಿಲಾಗಿ ಕಾರ್ಖಾನೆಗಳಿಂದ ಹೊರಬಿದ್ದುವು. 2023ರ ವೇಳೆಗೆ ಆ ಸಂಖ್ಯೆ ಇಪ್ಪತ್ತು ಲಕ್ಷವನ್ನೂ ಮುಟ್ಟಲಿಲ್ಲ. ಕಿಸೆಯ ಯುದ್ಧ ಮುಗಿದು, ಅದನ್ನು ಫೋನು ಗೆದ್ದಾಗಿದೆ. ಫೋನಿನಂತೆಯೇ ತೋಳು ಚಾಚಿ ಪರದೆಯನ್ನು ನೋಡುತ್ತ ಚಿತ್ರ ತೆಗೆಯುವ ಎರಡನೆಯ ಯಂತ್ರವೊಂದನ್ನು ಅದೇ ಕಿಸೆಗೆ ತುರುಕಿಕೊಳ್ಳುವುದರಿಂದ ಆಗುವ ಲಾಭವೇನೆಂದು ಕೇಳಬೇಕಾಗಿದೆ. ಜಿಆರ್ ಕ್ಯಾಮೆರಾದ ಸೆನ್ಸರು ಫೋನಿನದಕ್ಕಿಂತ ಎಷ್ಟೋ ಪಾಲು ವಿಶಾಲ; ಫೋನುಗಳಲ್ಲಿಯೇ ಅತಿ ದೊಡ್ಡದಾದ ಸೆನ್ಸರಿಗೆ ಹೋಲಿಸಿದರೂ ವಿಸ್ತೀರ್ಣದಲ್ಲಿ ಮೂರು ಪಟ್ಟು. ನಸುಬೆಳಕಿನಲ್ಲಿಯೂ ದೊಡ್ಡ ಪ್ರತಿಯಲ್ಲಿಯೂ ಆ ವ್ಯತ್ಯಾಸ ಎದ್ದು ಕಾಣುತ್ತದೆ, ಒಪ್ಪಿದೆ. ಆದರೆ ಅದು ಚಿತ್ರದ ಮೇಲ್ಮೈಗೆ ಸಂದ ಲಾಭ. ನೋಡುವ ರೀತಿಯಲ್ಲಿ ಮಾರ್ಪಾಡು ಬರಬೇಕೆಂದು ಬಯಸಿ ಕ್ಯಾಮೆರಾ ಕೊಳ್ಳುವವನಿಗೆ, ಫೋನು ಕೊಡಲಾರದ ಒಂದೇ ವಸ್ತುವೆಂದರೆ ಕಣ್ಣಿಗೆ ಹತ್ತುವ ಆ ಕಿಂಡಿ. ಎಕ್ಸ್100 ಮಾಲಿಕೆಯ ಹೊಸ ಕ್ಯಾಮೆರಾಕ್ಕಾಗಿ ದೇಶದೇಶಗಳ ಗಿರಾಕಿಗಳು ತಿಂಗಳುಗಟ್ಟಲೆ ಕಾದು ನಿಂತರಲ್ಲ, ಅವರಲ್ಲಿ ಬಹುಮಂದಿ ಫೋನು ಹಿಡಿದೇ ಬೆಳೆದ ಎಳೆಯರು.

ಇಷ್ಟಾಗಿಯೂ ಈ ಎರಡು ಪಕ್ಷಗಳ ವಿರೋಧ ಪ್ರಕೃತಿನಿಯಮವೆಂದು ಯಾರೂ ಭಾವಿಸಬಾರದು. 1966ರಲ್ಲಿ ಕಲೋನ್ ನಗರದ ಫೋಟೋಕೀನ ಪ್ರದರ್ಶನದಲ್ಲಿ ಕಾಣಿಸಿಕೊಂಡ ರೋಲೈ 35 ಎಂಬ ಕ್ಯಾಮೆರಾವನ್ನು ನೆನೆಯಬೇಕು. ಹೈನ್ಜ್ ವಾಸ್ಕೆ ಎಂಬ ಜರ್ಮನ್ ಕುಶಲಿ ರೂಪಿಸಿದ ಈ ಲೋಹದ ಪೆಟ್ಟಿಗೆ 97 ಮಿಲಿಮೀಟರ್ ಅಗಲ, 60 ಎತ್ತರ, ಲೆನ್ಸನ್ನು ಒಳಕ್ಕೆ ತಳ್ಳಿದಾಗ 32 ಮಿಲಿಮೀಟರ್ ದಪ್ಪ. ತೂಕ ಸುಮಾರು 370 ಗ್ರಾಂ. ಎಂದರೆ, ದಪ್ಪದಲ್ಲಿ ಇಂದಿನ ಜಿಆರ್ ಕ್ಯಾಮೆರಾಕ್ಕಿಂತ ಕೂದಲೆಳೆಯಷ್ಟು ಕಡಿಮೆಯೇ. ಅದರೊಳಗೆ 24×36 ಮಿಲಿಮೀಟರಿನ ಪೂರ್ಣ ಚೌಕಟ್ಟೂ ಇತ್ತು, ನೆತ್ತಿಯಲ್ಲಿ ಬೆಳ್ಳಗೆ ಬೆಳಗುವ ವಿಶಾಲವಾದ ಗಾಜಿನ ಕಿಂಡಿಯೂ ಇತ್ತು. ದೂರವನ್ನು ಮಾತ್ರ ಕಣ್ಣಳತೆಯಿಂದ ಊಹಿಸಿ ಲೆನ್ಸಿನ ಉಂಗುರವನ್ನು ತಿರುಗಿಸಬೇಕಾಗಿತ್ತು. ಇಂದಿನ ಕ್ಯಾಮೆರಾದ ಹೊಟ್ಟೆಯೊಳಗೆ ದೊಡ್ಡ ಬ್ಯಾಟರಿ, ಸೆನ್ಸರು, ಪರದೆ, ಕಾವನ್ನು ಹೊರಹಾಕುವ ಏರ್ಪಾಡು ಇವೆಲ್ಲ ತುಂಬಬೇಕಾಗಿರುವುದರಿಂದ ಹೋಲಿಕೆ ಸರಿಸಮವಲ್ಲವೆಂಬ ಆಕ್ಷೇಪಣೆಗೆ ಉತ್ತರವಾಗಿ ಸೋನಿಯ ಆರ್‌ಎಕ್ಸ್100 ಮಾಲಿಕೆಯ ಮೂರನೆಯ ಕ್ಯಾಮೆರಾ ಇದೆ: 2014ರಷ್ಟು ಹಿಂದೆಯೇ, 290 ಗ್ರಾಂ ತೂಕದ, 41 ಮಿಲಿಮೀಟರ್ ದಪ್ಪದ ಪೆಟ್ಟಿಗೆಯೊಳಗಿನಿಂದ ಪುಟಿದೇಳುವ ವ್ಯೂಫೈಂಡರನ್ನು ಅದರಲ್ಲಿ ಇಡಲಾಯಿತು. ಸನ್ನೆ ಸರಿಸಿ ಮೇಲೆಬ್ಬಿಸಿ, ಅನಂತರ ಬೆರಳಿನಿಂದ ಹಿಂದಕ್ಕೆಳೆಯಬೇಕಾದ ಆ ಕಿಂಡಿ ಅವಸರದ ಕ್ಷಣಕ್ಕೆ ಒದಗದು, ಸೆನ್ಸರೂ ಸಣ್ಣದು. ಆದರೂ ಆಗದೆಂಬ ಮಾತನ್ನು ಅದು ಸುಳ್ಳು ಮಾಡಿದೆ. ದೊಡ್ಡ ಸೆನ್ಸರಿನ ಜತೆಗೆ ಇಂಥದೊಂದು ಕಿಂಡಿಯನ್ನು, ಐದಾರು ಮಿಲಿಮೀಟರ್ ದಪ್ಪ ಹೆಚ್ಚಿದರೂ ಚಿಂತೆಯಿಲ್ಲವೆಂದು, ತಯಾರಕರಿಂದ ನಾವು ಕೇಳಬೇಕು. ಕೇಳುವವರು ಕಡಿಮೆಯಾದ್ದರಿಂದಲೇ ಒಮ್ಮೆ ಅದನ್ನು ಮುಚ್ಚಿದ್ದು.

ಅಂಗಡಿಗೆ ಹೋದಾಗ ವಿವರಣಪತ್ರದ ಅಂಕಿಗಳನ್ನು ಬದಿಗಿಟ್ಟು, ಕ್ಯಾಮೆರಾವನ್ನು ಬಾಗಿಲಾಚೆಯ ಬಿಸಿಲಿಗೆ ತಂದು ಕಣ್ಣಿಗೆ ಹಚ್ಚಿ ನೋಡುವುದು ಒಳ್ಳೆಯದು. ಕನ್ನಡಕ ಧರಿಸುವವರು ಅದನ್ನು ಧರಿಸಿಯೇ ನೋಡಬೇಕು. ಚೌಕಟ್ಟಿನ ನಾಲ್ಕು ಮೂಲೆಗಳೂ ಒಟ್ಟಿಗೆ ಕಾಣದೆ ಕಣ್ಣನ್ನು ಆಚೀಚೆ ಸರಿಸಬೇಕಾಗಿ ಬಂದರೆ ಆ ಕಿಂಡಿ ಅವರಿಗೆ ಒಗ್ಗುವುದಿಲ್ಲ. ಎಡಗಣ್ಣಿನಿಂದ ನೋಡುವ ಅಭ್ಯಾಸದವರು ಮೂಗು ಪರದೆಗೆ ಒತ್ತುವುದೇ ಎಂದು ಪರೀಕ್ಷಿಸಬೇಕು. ಆಗಲೇ ಜಿಆರ್ ಕ್ಯಾಮೆರಾವನ್ನು ಕೊಂಡು, ಅದನ್ನು ಬಿಡಲೊಲ್ಲದವರಿಗೆ ಒಂದು ದಾರಿಯಿದೆ: ಅದರ ನೆತ್ತಿಯ ಮೇಲಿನ ಫ್ಲ್ಯಾಷಿನ ಹಿಡಿಕೆಗೆ ಜಾರಿಸಿ ಕೂರಿಸುವ ಗಾಜಿನ ವ್ಯೂಫೈಂಡರನ್ನು ತಯಾರಕರೇ ಬೇರೆಯಾಗಿ ಮಾರುತ್ತಾರೆ. ಅದರಲ್ಲಿ ಫೋಕಸ್ ಎಲ್ಲಿ ಕೂತಿದೆಯೆಂಬುದು ಕಾಣದು, ಚೌಕಟ್ಟೂ ಅಂದಾಜಿನದು. ಬಿಸಿಲಿನಲ್ಲಿ ನೆಟ್ಟಗೆ ಕಾಣುತ್ತದೆ, ಚಾಳೀಸಿನವರಿಗೂ ಕಾಣುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಕಳಚಿ ಒಂದು ಕಿಸೆಗೂ ಕ್ಯಾಮೆರಾವನ್ನು ಇನ್ನೊಂದು ಕಿಸೆಗೂ ಹಾಕಿಕೊಳ್ಳಬಹುದು.